ಹಡಗಿನ ಗಡಿಯಾರ ಮತ್ತು ನಮ್ಮ ಅಲಾರಾಂ: ಕ್ರೂಸ್ ಪ್ರಯಾಣದಲ್ಲಿ ಸಮಯಕ್ಕೆ ಏಳುವ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾನು ನನ್ನ ತಂದೆತಾಯಿಯರನ್ನು ಮೊದಲ ಬಾರಿಗೆ ಕ್ರೂಸ್ ಪ್ರಯಾಣಕ್ಕೆ ಕರೆದುಕೊಂಡು ಹೋಗಿದ್ದೆ. ಮೂರನೆಯ ದಿನ ಬೆಳಿಗ್ಗೆ 7 ಗಂಟೆಗೆ ಹಡಗಿನ ರಂಗಮಂದಿರದಲ್ಲಿ ಸೇರಿ, ಅಲ್ಲಿಂದ ಗುಂಪಾಗಿ ದಡಕ್ಕೆ ಇಳಿಯಬೇಕಿತ್ತು. ಮೊಬೈಲಿನಲ್ಲಿ 5.45ಕ್ಕೆ ಅಲಾರಾಂ ಇಟ್ಟಿದ್ದೆ. ಅದು ಬಡಿದ ಕೂಡಲೇ ಮೂವರೂ ಎದ್ದೆವು, ಸ್ನಾನ ಮುಗಿಸಿ ಸಿದ್ಧರಾದೆವು, ನನ್ನ ಲೆಕ್ಕದಲ್ಲಿ 6.45ಕ್ಕೆ ರಂಗಮಂದಿರದ ಬಾಗಿಲಲ್ಲಿದ್ದೆವು. ಆದರೆ ಒಳಗೆ ಸಿಬ್ಬಂದಿಯೊಬ್ಬರು ಕುರ್ಚಿಗಳ ನಡುವೆ ಬಿದ್ದಿದ್ದ ಚೀಟಿಗಳನ್ನು ಹೆಕ್ಕುತ್ತಿದ್ದರು, ಅಷ್ಟೆ. ಹಡಗಿನ ಗಡಿಯಾರದಲ್ಲಿ ಆಗ 7.45 ಆಗಿತ್ತು. ಅಮ್ಮ ತಿಂಗಳುಗಟ್ಟಲೆ ಆ ಊರನ್ನು ನೋಡಬೇಕೆಂದು ಕಾದಿದ್ದರು. ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ, ಈ ಸಲವೂ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನೇ ಸಿಕ್ಕಿದೆ. ನಾವು ಎಲ್ಲಿ ತಪ್ಪಿದೆವು, ಈ ಬಾರಿ ಏನು ಮಾಡಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ:
ನಮಸ್ಕಾರ. ನಾನು ಪ್ರಯಾಣಿಕರ ಹಡಗುಗಳ ಸ್ವಾಗತ ವಿಭಾಗದಲ್ಲಿ 11 ವರ್ಷ ಕೆಲಸ ಮಾಡಿದವನು, ಅದರಲ್ಲೂ ಹೆಚ್ಚಿನ ಕಾಲ ರಾತ್ರಿ ಪಾಳಿಯಲ್ಲಿ. ಬೆಳಗಿನ ಹೊತ್ತು ಕೌಂಟರಿನ ಮುಂದೆ ಕಣ್ಣು ತುಂಬಿಕೊಂಡು ನಿಂತವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಆದ್ದರಿಂದ ನಿಮ್ಮ ತಾಯಿಯವರಿಗಾದ ನೋವು ನನಗೆ ಅರ್ಥವಾಗುತ್ತದೆ. ಅವರಲ್ಲಿ ಅಲಾರಾಂ ಕೇಳಿಸದೆ ಮಲಗಿದ್ದವರಿಗಿಂತ, ನಿಮ್ಮಂತೆಯೇ ಸರಿಯಾಗಿ ಎದ್ದು ತಪ್ಪಾದ ಗಡಿಯಾರವನ್ನು ನಂಬಿದವರೇ ಹೆಚ್ಚು.

ಹಡಗಿನಲ್ಲಿ ನಡೆಯುವುದು ಹಡಗಿನ ಸಮಯ. ಅದನ್ನು ನಿಗದಿಪಡಿಸುವ ಅಧಿಕಾರ ಕ್ಯಾಪ್ಟನ್‌ಗೆ ಸೇರಿದ್ದು. ಊಟ, ಪ್ರದರ್ಶನ, ದಡದ ಪ್ರವಾಸ, ಎಲ್ಲರೂ ಹಡಗಿಗೆ ಮರಳಬೇಕಾದ ಗಡುವು, ಇವೆಲ್ಲವನ್ನೂ ಅದೇ ಸಮಯದಲ್ಲಿ ಮುದ್ರಿಸಿರುತ್ತಾರೆ. ಬಂದರಿನ ಊರಿನ ಸಮಯ ಬೇರೆಯಾಗಿದ್ದಾಗ ಹಡಗು ಕೆಲವೊಮ್ಮೆ ತನ್ನ ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ, ಕೆಲವೊಮ್ಮೆ ಹೊರಟ ಬಂದರಿನ ಸಮಯವನ್ನೇ ಉಳಿಸಿಕೊಳ್ಳುತ್ತದೆ. ಮೆಕ್ಸಿಕೊದ ಕೊಜುಮೆಲ್ ದ್ವೀಪವನ್ನೇ ನೋಡಿ. ಅದು ಸೇರಿರುವ ಕಿಂಟಾನಾ ರೂ ರಾಜ್ಯವು 2015ರಿಂದ ವರ್ಷವಿಡೀ ಒಂದೇ ಸಮಯವನ್ನು ಪಾಲಿಸುತ್ತಿದೆ. ಆದರೆ ಹಡಗುಗಳು ಹೊರಡುವ ಫ್ಲೋರಿಡಾದ ಮಯಾಮಿಯಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಹೀಗಾಗಿ ಜನವರಿಯಲ್ಲಿ ಹೋದವರಿಗೆ ಎರಡೂ ಕಡೆ ಒಂದೇ ಸಮಯ, ಜುಲೈನಲ್ಲಿ ಹೋದವರಿಗೆ ಒಂದು ಗಂಟೆಯ ವ್ಯತ್ಯಾಸ. ಅದೇ ಹಡಗಿನಲ್ಲಿ, ಅದೇ ಮಾರ್ಗದಲ್ಲಿ ಮೊದಲೊಮ್ಮೆ ಹೋಗಿ ಬಂದವರು ಕೂಡ ಇಲ್ಲಿ ಎಡವುವುದು ಈ ಕಾರಣಕ್ಕೆ.

ನಿಮ್ಮ ಮೊಬೈಲಿನಲ್ಲಿ ಆಗಿರುವುದೂ ಬಹುಮಟ್ಟಿಗೆ ಇದೇ. ಬೆಳಗಿನ ಜಾವ ಹಡಗು ದಡವನ್ನು ಸಮೀಪಿಸಿದಾಗ ಫೋನು ಅಲ್ಲಿನ ಟವರನ್ನು ಹಿಡಿದು, ನೀವು ಮಲಗಿರುವಾಗಲೇ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸಿಕೊಂಡಿರಬೇಕು. ಅಲಾರಾಂ 5.45ಕ್ಕೇ ಬಡಿಯಿತು, ಆದರೆ ಆ 5.45 ದಡದ್ದು. ಹಡಗಿನಲ್ಲಿ ಆಗ 6.45.

ಆದ್ದರಿಂದ ಹಡಗು ಹತ್ತಿದ ದಿನವೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯದ ಭಾಗಕ್ಕೆ ಹೋಗಿ, ಸಮಯವನ್ನು ತಾನಾಗಿಯೇ ಬದಲಿಸಿಕೊಳ್ಳುವ ಆಯ್ಕೆಯನ್ನು ನಿಲ್ಲಿಸಿ, ಹಡಗಿನ ಸಮಯಕ್ಕೆ ಹೊಂದುವ ಯಾವುದಾದರೂ ನಗರವನ್ನು ಕೈಯಿಂದ ಆರಿಸಿ. ಏರೋಪ್ಲೇನ್ ಮೋಡ್‌ನಲ್ಲಿ ಇಡುವುದೂ ಒಳ್ಳೆಯದು, ಅದರಲ್ಲಿದ್ದರೂ ಅಲಾರಾಂ ಬಡಿಯುತ್ತದೆ. ಆದರೆ ಅದೊಂದನ್ನೇ ನಂಬಬೇಡಿ, ಏಕೆಂದರೆ ಮನೆಯವರಿಗೆ ಒಂದು ಸಂದೇಶ ಕಳುಹಿಸಲೆಂದು ಐದು ನಿಮಿಷ ಅದನ್ನು ತೆಗೆದರೂ ಫೋನು ಸಮಯವನ್ನು ಬದಲಿಸಿಕೊಳ್ಳಬಹುದು. ಫೋನನ್ನು ಪೂರ್ತಿಯಾಗಿ ಆರಿಸಿದರೆ ಬಹುತೇಕ ಫೋನುಗಳಲ್ಲಿ ಅಲಾರಾಂ ಬಡಿಯುವುದೇ ಇಲ್ಲ. ಸ್ಮಾರ್ಟ್‌ವಾಚ್ ಕಟ್ಟುವವರು ಅದು ಫೋನಿನಿಂದಲೇ ಸಮಯ ತೆಗೆದುಕೊಳ್ಳುತ್ತದೆ ಎಂಬುದನ್ನು ನೆನಪಿಡಬೇಕು. ಫೋನು ತಪ್ಪಿದರೆ ಕೈಗಡಿಯಾರವೂ ಅದೇ ತಪ್ಪನ್ನು ತೋರಿಸುತ್ತದೆ.

ನನ್ನ ಸ್ವಂತ ಅಭಿಪ್ರಾಯವನ್ನು ಕೇಳಿದರೆ, ಬ್ಯಾಟರಿಯಿಂದ ನಡೆಯುವ ಒಂದು ಸಾಧಾರಣ ಅಲಾರಾಂ ಗಡಿಯಾರಕ್ಕಿಂತ ಉತ್ತಮವಾದ ಸಾಧನ ಹಡಗಿನಲ್ಲಿ ಇಲ್ಲ. ಅದಕ್ಕೆ ಟವರೂ ಗೊತ್ತಿಲ್ಲ, ಇಂಟರ್‌ನೆಟ್ಟೂ ಗೊತ್ತಿಲ್ಲ. ನೀವು ಮುಳ್ಳು ತಿರುಗಿಸಿದರೆ ಮಾತ್ರ ಅದು ಬದಲಾಗುತ್ತದೆ.

ಹಡಗು ತನ್ನ ಗಡಿಯಾರವನ್ನು ಬದಲಿಸುವ ರಾತ್ರಿಗಳಲ್ಲಿ ಆ ಬದಲಾವಣೆ ಸಾಮಾನ್ಯವಾಗಿ ನಡುರಾತ್ರಿಯ ನಂತರ, ಹೆಚ್ಚಾಗಿ 2 ಗಂಟೆಗೆ ನಡೆಯುತ್ತದೆ. ಹಿಂದಿನ ಸಂಜೆ ಕ್ಯಾಬಿನ್‌ಗೆ ಬರುವ ಮರುದಿನದ ಕಾರ್ಯಕ್ರಮದ ಹಾಳೆಯಲ್ಲಿ ಅಥವಾ ಹಡಗಿನ ಆ್ಯಪ್‌ನಲ್ಲಿ ಅದನ್ನು ತಿಳಿಸುತ್ತಾರೆ. ಮಲಗುವ ಮುನ್ನವೇ ಮುಳ್ಳು ತಿರುಗಿಸಿಬಿಡಿ, ಬೆಳಿಗ್ಗೆ ನೋಡೋಣ ಎಂದು ಬಿಡಬೇಡಿ. ಮನೆಯಲ್ಲಿ ಮೂವರಿದ್ದರೆ ಗಡಿಯಾರ ತಿರುಗಿಸುವ ಹೊಣೆ ಒಬ್ಬರದ್ದೇ ಆಗಿರಲಿ. ಗಂಡ ರಾತ್ರಿ 10 ಗಂಟೆಗೆ ಒಮ್ಮೆ, ಹೆಂಡತಿ 11 ಗಂಟೆಗೆ ಇನ್ನೊಮ್ಮೆ ಅದೇ ಗಡಿಯಾರವನ್ನು ಮುಂದಿಟ್ಟು, ಇಬ್ಬರೂ ನಸುಕಿಗೆ ಮೊದಲೇ ಸಿದ್ಧರಾಗಿ ನನ್ನ ಕೌಂಟರಿಗೆ ಬಂದು, ಉಪಾಹಾರದ ಬಾಗಿಲು ಏಕೆ ತೆರೆದಿಲ್ಲ ಎಂದು ಕೇಳಿದ್ದುಂಟು.

ಇನ್ನು ಒಳಗಿನ ಕ್ಯಾಬಿನ್ನಿನ ಮಾತು. ಅಲ್ಲಿನ ಕತ್ತಲೆ ಮನೆಯ ಕತ್ತಲೆಯಂಥದ್ದಲ್ಲ. ಪರದೆಯ ಅಂಚಿನಿಂದ ಇಣುಕುವ ಬೆಳಕಾಗಲಿ ಹಕ್ಕಿಯ ಸದ್ದಾಗಲಿ ಇರುವುದಿಲ್ಲ. ಮಧ್ಯಾಹ್ನ 12 ಗಂಟೆಗೂ ಅದು ಮಧ್ಯರಾತ್ರಿಯಂತೆಯೇ ಇರುತ್ತದೆ. ಬೆಳಗಾಯಿತೆಂದು ಮೆದುಳಿಗೆ ಹೇಳುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ಅದು ಇಲ್ಲದಿದ್ದಾಗ ಅಲಾರಾಂ ಆರಿಸಿದ ಕೈ ಹಾಗೆಯೇ ಹೊದಿಕೆಯೊಳಗೆ ಸೇರಿಕೊಳ್ಳುತ್ತದೆ. ಇದಕ್ಕೆ ನಾನು ನೂರಾರು ಪ್ರಯಾಣಿಕರಿಗೆ ಹೇಳಿಕೊಟ್ಟ ಉಪಾಯವೊಂದಿದೆ. ಅನೇಕ ಹಡಗುಗಳಲ್ಲಿ ಮುಂಭಾಗದ ಕ್ಯಾಮೆರಾದ ದೃಶ್ಯವನ್ನು ಕ್ಯಾಬಿನ್ನಿನ ಟಿವಿಯ ಒಂದು ಚಾನೆಲ್ಲಿನಲ್ಲಿ ದಿನವಿಡೀ ತೋರಿಸುತ್ತಾರೆ. ರಾತ್ರಿ ಮಲಗುವಾಗ ಧ್ವನಿ ಪೂರ್ತಿ ತಗ್ಗಿಸಿ ಆ ಚಾನೆಲ್ಲನ್ನು ಹಾಗೆಯೇ ಬಿಡಿ. ರಾತ್ರಿ ಹೊರಗೆ ಕತ್ತಲಿರುವುದರಿಂದ ಪರದೆಯೂ ಕಪ್ಪಾಗಿಯೇ ಇರುತ್ತದೆ. ನಸುಕು ಹರಿಯತೊಡಗಿದಂತೆ ಅದು ಬೂದಿಬಣ್ಣಕ್ಕೆ, ಆಮೇಲೆ ತಿಳಿನೀಲಿಗೆ ತಿರುಗಿ, ಗೋಡೆಯ ಮೇಲೆ ಒಂದು ಕಿಟಕಿಯೇ ತೆರೆದಂತಾಗುತ್ತದೆ. ನಾನು ರಜೆಯಲ್ಲಿ ಪ್ರಯಾಣಿಕನಾಗಿ ಹೋದಾಗಲೂ ಹೀಗೆಯೇ ಮಲಗುತ್ತೇನೆ.

ಕ್ಯಾಬಿನ್ನಿನ ದೂರವಾಣಿಯಿಂದ ಎಬ್ಬಿಸುವ ಕರೆಯನ್ನು ತಪ್ಪದೆ ಕೇಳಿಕೊಳ್ಳಿ. ಅದರ ದೊಡ್ಡ ಗುಣವೆಂದರೆ ಅದು ಹಡಗಿನ ಸಮಯಕ್ಕೇ ಬರುತ್ತದೆ. ದೋಷವೆಂದರೆ, ಹೆಚ್ಚಿನ ಕಡೆ ಅದು ಯಂತ್ರದ ಕರೆ. ರಿಸೀವರ್ ಎತ್ತಿಟ್ಟರೆ ಮುಗಿಯಿತು, ನೀವು ಮತ್ತೆ ಮಲಗಿದ್ದು ಯಾರಿಗೂ ತಿಳಿಯುವುದಿಲ್ಲ. ಇದಕ್ಕಿಂತ ಗಟ್ಟಿಯಾದದ್ದು ಉಪಾಹಾರದ ಚೀಟಿ. ಆ ಸೌಲಭ್ಯವಿರುವ ಹಡಗಿನಲ್ಲಿ ಬೇಕಾದ ಸಮಯವನ್ನು ಗುರುತು ಮಾಡಿ ರಾತ್ರಿಯೇ ಬಾಗಿಲ ಹಿಡಿಗೆ ತೂಗುಹಾಕಿದರೆ, ಬೆಳಿಗ್ಗೆ ಒಬ್ಬರು ತಟ್ಟೆ ಹಿಡಿದು ಬಂದು ಬಾಗಿಲು ಬಡಿಯುತ್ತಾರೆ. ಬಾಗಿಲು ತೆರೆಯಲು ಎದ್ದು ನಡೆಯಲೇಬೇಕಾಗುತ್ತದೆ. ನಿಮ್ಮ ತಂದೆತಾಯಿಯವರಿಗೆ ಇದು ಎಲ್ಲಕ್ಕಿಂತ ಸೌಮ್ಯವಾದ ದಾರಿ.

ಧ್ವನಿವರ್ಧಕದ ಪ್ರಕಟಣೆಗಳನ್ನು ನೆಚ್ಚಬೇಡಿ. ಸಾಮಾನ್ಯ ಪ್ರಕಟಣೆಗಳು ಬಹುಮಟ್ಟಿಗೆ ಮೊಗಸಾಲೆಗಳಲ್ಲಿ ಮತ್ತು ಡೆಕ್‌ಗಳಲ್ಲಿ ಮಾತ್ರ ಕೇಳಿಸುತ್ತವೆ. ಕ್ಯಾಬಿನ್ನಿನ ಒಳಗಿನ ಧ್ವನಿವರ್ಧಕವನ್ನು ಮುಖ್ಯವಾಗಿ ತುರ್ತು ಸಂದರ್ಭಗಳಿಗೆ ಮೀಸಲಿಟ್ಟಿರುತ್ತಾರೆ.

ಅದೇ ಸದಸ್ಯರ ಮರುಪ್ರಶ್ನೆ:
ತುಂಬಾ ಧನ್ಯವಾದಗಳು ಸರ್. ಆ ದಿನದಿಂದ ತಪ್ಪು ನನ್ನದೇ ಎಂದುಕೊಂಡಿದ್ದೆ, ಈಗ ಕಾರಣ ತಿಳಿಯಿತು. ಇನ್ನೊಂದು ಮಾತು. ಅಪ್ಪ ಮನೆಯಲ್ಲಿ 5 ಗಂಟೆಗೆ ತಾನಾಗಿಯೇ ಏಳುವವರು, ಹಡಗಿನಲ್ಲಿ ಮಾತ್ರ ಎಬ್ಬಿಸಿದರೂ ಏಳಲಾರದಷ್ಟು ಮಂಪರಿನಲ್ಲಿದ್ದರು. ಇದು ಸಹಜವೇ?

ಉತ್ತರ:
ಬಹುಮಟ್ಟಿಗೆ ಸಹಜ, ಆದರೆ ಒಂದು ಕಾರಣವನ್ನು ನೀವು ಪರಿಶೀಲಿಸಲೇಬೇಕು. ಕಡಲ ವಾಕರಿಕೆಗೆ ಅವರು ಮಾತ್ರೆ ತೆಗೆದುಕೊಂಡಿದ್ದರೇ? ಅದಕ್ಕೆ ಕೊಡುವ ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್, ಸಿನ್ನರಿಜಿನ್ ಮೊದಲಾದ ಔಷಧಗಳು ನಿದ್ದೆ ತರಿಸುತ್ತವೆ, ಮತ್ತು ವಯಸ್ಸಾದವರಲ್ಲಿ ಆ ಮಂಪರು ಮರುದಿನದವರೆಗೂ ಉಳಿಯಬಹುದು. ಅವರು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯೊಂದಿಗೆ ಹೊರಡುವ ಮುನ್ನ ವೈದ್ಯರನ್ನು ಕಂಡು, ಯಾವ ಮಾತ್ರೆ, ಯಾವ ಹೊತ್ತಿಗೆ ಎಂದು ಬರೆಯಿಸಿಕೊಳ್ಳಿ. ಈ ವಿಷಯದಲ್ಲಿ ನನ್ನ ಮಾತಿಗಿಂತ ಅವರ ಮಾತು ಮುಖ್ಯ.

ಮಾತ್ರೆ ಇಲ್ಲದೆಯೂ ಹಡಗಿನ ಓಲಾಟ ಜೋಂಪು ತರಿಸುತ್ತದೆ. ವಾಕರಿಕೆ ಇಲ್ಲದಿದ್ದರೂ ಚಲನೆಯಿಂದ ಬರುವ ಈ ತೂಕಡಿಕೆ ಮತ್ತು ನಿರುತ್ಸಾಹವನ್ನು 1976ರಲ್ಲಿ ಗ್ರೇಬಿಯಲ್ ಮತ್ತು ನೆಪ್ಟನ್ ಎಂಬ ಸಂಶೋಧಕರು ಪ್ರತ್ಯೇಕವಾಗಿ ಗುರುತಿಸಿ, ಅದಕ್ಕೆ ಸೋಪೈಟ್ ಸಿಂಡ್ರೋಮ್ ಎಂದು ಹೆಸರಿಟ್ಟರು. 2011ರಲ್ಲಿ ಜಿನೀವಾದ ಸಂಶೋಧಕರು ಮೆಲ್ಲನೆ ತೂಗುವ ಹಾಸಿಗೆಯ ಮೇಲೆ ಕೆಲವರನ್ನು ಮಧ್ಯಾಹ್ನ ಮಲಗಿಸಿ ನೋಡಿದಾಗ, ಅಲುಗದ ಹಾಸಿಗೆಗಿಂತ ಬೇಗ ಅವರಿಗೆ ನಿದ್ದೆ ಹತ್ತಿತು, ನಿದ್ದೆ ಗಾಢವೂ ಆಯಿತು. ತೊಟ್ಟಿಲು ತೂಗಿದವರಿಗೆಲ್ಲ ಗೊತ್ತಿರುವ ಸಂಗತಿಯೇ ಇದು. ಆದ್ದರಿಂದ ತಂದೆಯವರನ್ನು ಹೊರಡುವ ಸಮಯಕ್ಕೆ ಒಂದೂಕಾಲು ಗಂಟೆ ಮೊದಲೇ ಎಬ್ಬಿಸಿ, ಎದ್ದ ಕೂಡಲೇ ಎಲ್ಲ ದೀಪಗಳನ್ನೂ ಹಾಕಿ, ಸಾಧ್ಯವಾದರೆ ಹತ್ತು ನಿಮಿಷ ಮೇಲಿನ ಡೆಕ್ಕಿಗೆ ಕರೆದುಕೊಂಡು ಹೋಗಿ. ಎದ್ದ ಮೊದಲ ಅರ್ಧ ಗಂಟೆಯ ಮಬ್ಬು ಗಾಳಿಗೂ ಬೆಳಕಿಗೂ ಬೇಗ ಕರಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ನಾವು ನ್ಯೂಯಾರ್ಕ್‌ನಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಹಡಗಿನಲ್ಲಿ ಹೋಗುವವರಿದ್ದೇವೆ. ವಿಮಾನವಲ್ಲವಾದ್ದರಿಂದ ಸಮಯದ ವ್ಯತ್ಯಾಸ ದೇಹಕ್ಕೆ ತಟ್ಟುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ?

ಉತ್ತರ:
ಅರ್ಧ ನಿಜ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಪೂರ್ವಕ್ಕೆ ಸುಮಾರು 15 ಡಿಗ್ರಿ ಸಾಗಿದಂತೆಲ್ಲ ಹಡಗು ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕಾಗುತ್ತದೆ. ಆ ಎರಡು ಬಂದರುಗಳ ನಡುವೆ ಸಾಮಾನ್ಯವಾಗಿ 5 ಗಂಟೆಗಳ ವ್ಯತ್ಯಾಸವಿದೆ. 7 ರಾತ್ರಿಗಳ ಪ್ರಯಾಣವೆಂದಿಟ್ಟುಕೊಂಡರೆ, ಅದರಲ್ಲಿ 5 ದಿನಗಳಿಗೆ 23 ಗಂಟೆ ಮಾತ್ರ ಇರುತ್ತದೆ. ಹೊಸ ಸಮಯಕ್ಕೆ ದೇಹ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುವುದರಿಂದ ವಿಮಾನದಲ್ಲಾಗುವ ಪೆಟ್ಟು ಇಲ್ಲಿಲ್ಲ. ಆದರೆ ನಮ್ಮ ದೇಹದ ಸಹಜ ಲಯ 24 ಗಂಟೆಗಿಂತ ತುಸು ಉದ್ದವಾದದ್ದರಿಂದ, ದಿನ ಹಿಗ್ಗುವ ಪಶ್ಚಿಮದ ದಾರಿ ಸುಲಭ, ದಿನ ಕುಗ್ಗುವ ಪೂರ್ವದ ದಾರಿ ಕಷ್ಟ. ನೀವು ಹೋಗುತ್ತಿರುವುದು ಕಷ್ಟದ ದಿಕ್ಕಿನಲ್ಲಿ.

ಇದನ್ನರಿತ ಕೆಲವು ಹಡಗುಗಳು ಪೂರ್ವಕ್ಕೆ ಸಾಗುವಾಗ ಗಡಿಯಾರವನ್ನು ರಾತ್ರಿಯ ಬದಲು ನಡುಹಗಲಿನಲ್ಲಿ ಮುಂದಿಡುತ್ತವೆ. ಆಗ ನಿದ್ದೆ ತುಂಡಾಗುವುದಿಲ್ಲ, ಆದರೆ ಊಟದ ಹೊತ್ತು ಥಟ್ಟನೆ ಹತ್ತಿರ ಬರುತ್ತದೆ. ನಿಮ್ಮ ಹಡಗಿನ ಕ್ರಮ ಯಾವುದೆಂದು ಮೊದಲ ದಿನವೇ ವಿಚಾರಿಸಿ. ಪ್ರತಿ ದಿನ ಎದ್ದ ಮೊದಲ ಗಂಟೆಯನ್ನು ಹೊರಗಿನ ಬೆಳಕಿನಲ್ಲಿ ಕಳೆಯಿರಿ, ಸಂಜೆ ಕ್ಯಾಬಿನ್ನಿನ ದೀಪಗಳನ್ನು ತಗ್ಗಿಸಿ, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸಿ. ಕಡಲ ಮೇಲಿನ ದಿನಗಳಲ್ಲಿ ಬೆಳಿಗ್ಗೆ ಯಾವ ಕೆಲಸವೂ ಇರುವುದಿಲ್ಲವೆಂದು ತಡವಾಗಿ ಎದ್ದರೆ, ಕೊನೆಯ ದಿನ ಬಂದರಿನಲ್ಲಿ 6 ಗಂಟೆಗೆ ಏಳುವಾಗ ಆ ಐದೂ ಗಂಟೆಗಳು ಒಟ್ಟಿಗೆ ಮೈಮೇಲೆ ಬೀಳುತ್ತವೆ.

ಸದಸ್ಯೆಯೊಬ್ಬರ ಪ್ರಶ್ನೆ:
ನನ್ನ ಪತಿಗೆ ಕಿವಿ ಕೇಳಿಸುವುದಿಲ್ಲ. ಈ ಬಾರಿ ಅವರು ಒಬ್ಬರೇ ಒಂದು ಕ್ಯಾಬಿನ್ನಿನಲ್ಲಿರಬೇಕಾಗಿದೆ. ಅವರಿಗೆ ಏನು ವ್ಯವಸ್ಥೆ ಮಾಡಬಹುದು?

ಉತ್ತರ:
ಮೇಡಂ, ದಯವಿಟ್ಟು ಇದನ್ನು ಹಡಗು ಹತ್ತಿದ ಮೇಲೆ ಕೇಳೋಣವೆಂದು ಬಿಡಬೇಡಿ, ಟಿಕೆಟ್ ಕಾದಿರಿಸುವಾಗಲೇ ಬರಹದಲ್ಲಿ ತಿಳಿಸಿ. ದಿಂಬಿನ ಕೆಳಗೆ ಇಡುವ ಕಂಪಿಸುವ ಅಲಾರಾಂ, ಬಾಗಿಲು ಬಡಿದಾಗ ಮಿನುಗುವ ದೀಪ ಮುಂತಾದವುಗಳಿರುವ ಪೆಟ್ಟಿಗೆಯನ್ನು ದೊಡ್ಡ ಹಡಗುಗಳು ಇಟ್ಟಿರುತ್ತವೆ. ಆದರೆ ಅವುಗಳ ಸಂಖ್ಯೆ ಸೀಮಿತ, ಮೊದಲು ಕೇಳಿದವರಿಗೆ ಮೊದಲು ಸಿಗುತ್ತದೆ. ತುರ್ತು ಸಂದರ್ಭದಲ್ಲಿ ಅವರನ್ನು ಹೇಗೆ ಎಚ್ಚರಿಸುತ್ತಾರೆ ಎಂಬುದನ್ನೂ ಆಗಲೇ ಕೇಳಿ ತಿಳಿದುಕೊಳ್ಳಿ, ಬೆಳಿಗ್ಗೆ ಏಳುವುದಕ್ಕಿಂತ ಅದು ದೊಡ್ಡ ವಿಷಯ. ಕೋಣೆಯ ಸೇವಕರಿಗೆ ಮೊದಲ ದಿನವೇ ಅವರನ್ನು ಪರಿಚಯಿಸಿ. ಕಂಪಿಸುವ ಸಣ್ಣ ಕೈಗಡಿಯಾರವನ್ನು ನಿಮ್ಮ ಕಡೆಯಿಂದಲೂ ಒಂದು ಕೊಟ್ಟಿರಿ.

ಮೊದಲ ಸದಸ್ಯರ ಕೊನೆಯ ಪ್ರಶ್ನೆ:
ಸರ್, ಕೊನೆಯ ದಿನ ಬೆಳಿಗ್ಗೆ ಬೇಗ ಕ್ಯಾಬಿನ್ ತೆರವು ಮಾಡಬೇಕಲ್ಲ, ಅದಕ್ಕೆ ಬೇರೆ ಎಚ್ಚರಿಕೆ ಏನಾದರೂ ಇದೆಯೇ?

ಉತ್ತರ:
ಇದೆ. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಮಲಗುವ ಹೊತ್ತಿಗೆ ಅವು ಅಲ್ಲಿಂದ ಹೋಗಿರುತ್ತವೆ. ಒಮ್ಮೆ ರಾತ್ರಿ 1 ಗಂಟೆಗೆ ಒಬ್ಬ ಹಿರಿಯರು ಕೌಂಟರಿಗೆ ಬಂದು, ತಮ್ಮ ಅಲಾರಾಂ ಗಡಿಯಾರ, ಫೋನಿನ ಚಾರ್ಜರ್ ಮತ್ತು ಬೆಳಗಿನ ರಕ್ತದೊತ್ತಡದ ಮಾತ್ರೆ ಮೂರೂ ಆ ಪೆಟ್ಟಿಗೆಯಲ್ಲಿ ಸೇರಿಹೋಗಿವೆ ಎಂದರು. ಕೆಳಗಿನ ಡೆಕ್ಕಿನಲ್ಲಿ ಸಾಲುಸಾಲಾಗಿ ನಿಂತಿದ್ದ ಪೆಟ್ಟಿಗೆಗಳ ನಡುವೆ ಅವರದ್ದನ್ನು ಹುಡುಕಿ ತೆಗೆಯಲು ನಮ್ಮ ಮೂವರಿಗೆ ಒಂದು ಗಂಟೆ ಹಿಡಿಯಿತು. ಮಾತ್ರೆ ಸಿಕ್ಕಿತು, ಆದರೆ ಅವರ ನಿದ್ದೆ ಹೋಯಿತು. ಆದ್ದರಿಂದ ಪೆಟ್ಟಿಗೆ ಮುಚ್ಚುವ ಮೊದಲು ಗಡಿಯಾರ, ಚಾರ್ಜರ್, ಔಷಧ, ಪಾಸ್‌ಪೋರ್ಟ್, ಮರುದಿನದ ಬಟ್ಟೆ ಮತ್ತು ಪಾದರಕ್ಷೆ, ಇವಿಷ್ಟನ್ನು ಒಂದು ಕೈಚೀಲದಲ್ಲಿ ಹಾಕಿ ಹಾಸಿಗೆಯ ಮೇಲೆಯೇ ಇಡಿ. ಪಟ್ಟಿಯನ್ನು ತಾಯಿಯವರ ಕೈಗೆ ಕೊಟ್ಟು ಒಂದೊಂದಾಗಿ ಓದಿಸಿ ನೋಡಿಕೊಂಡ ಮೇಲೆಯೇ ಪೆಟ್ಟಿಗೆಯನ್ನು ಹೊರಗಿಡಿ.