ಜನವರಿ ಮಂಜು, ದೆಹಲಿ ಕನೆಕ್ಷನ್: ಕ್ಯಾಟ್ 3 ಇದ್ರೂ ವಿಮಾನ ಯಾಕೆ ರದ್ದಾಗುತ್ತೆ?

ಕೇಳಿದವರು: ಜನವರಿ ಮೊದಲ ವಾರ ಅಪ್ಪ ಅಮ್ಮ ಬೆಂಗಳೂರಿಂದ ದೆಹಲಿಗೆ, ಅಲ್ಲಿಂದ ಮಧ್ಯಾಹ್ನ ಟೊರಾಂಟೊಗೆ. ಬೆಳಗಿನ ಜಾವದ ವಿಮಾನ ಅಗ್ಗ ಸಿಗ್ತಿದೆ, 8ಕ್ಕೆಲ್ಲ ದೆಹಲಿ. ಅಲ್ಲಿ ಕ್ಯಾಟ್ 3 ಐಎಲ್‌ಎಸ್ (ಮಂಜಲ್ಲೂ ರೇಡಿಯೊ ಸಿಗ್ನಲ್ ಹಿಡಿದು ವಿಮಾನ ಇಳಿಸೋ ವ್ಯವಸ್ಥೆ) ಇದೆ, 50 ಮೀಟರ್ ಕಂಡ್ರೂ ಇಳಿಸ್ತಾರೆ ಅಂತಾನೆ ನಮ್ಮ ಭಾವ. ನಂಬಬಹುದಾ? ಅನುಭವ ಇರೋರು ಹೇಳಿ.

ಏರ್‌ಬಸ್ ಕೋ-ಪೈಲಟ್: ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ರನ್‌ವೇ, ವಿಮಾನ, ಪೈಲಟ್ ಮೂರಕ್ಕೂ ಕ್ಯಾಟ್ 3 ಅನುಮತಿ ಬೇಕು. ಒಂದಕ್ಕೆ ಇಲ್ಲದಿದ್ರೂ ಅದಕ್ಕಿರೋ ಕೆಳಗಿನ ಮಟ್ಟದ ಮಿತಿಯೇ ಅನ್ವಯ. ಮಂಜಿನ ಕಾಲದಲ್ಲಿ ದೆಹಲಿಗೆ ತರಬೇತಿ ಆದವರನ್ನೇ ಹಾಕಿ ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ ಹೇಳೋದು ಇದಕ್ಕೇ.

ಕ್ಯಾಟ್ 1ರಲ್ಲಿ 200 ಅಡಿಗೆ ಬರುವಷ್ಟರಲ್ಲಿ ದೀಪ ಕಾಣಬೇಕು, ರನ್‌ವೇ ಮೇಲಿನ ಗೋಚರತೆ, ಅಂದ್ರೆ ಆರ್‌ವಿಆರ್, 550 ಮೀಟರ್ ಇರಬೇಕು. ಕ್ಯಾಟ್ 2ಕ್ಕೆ 100 ಅಡಿ, 300 ಮೀಟರ್. ಕ್ಯಾಟ್ 3ರಲ್ಲೇ ಹಂತಗಳಿವೆ: 3ಎ 175 ಮೀಟರ್‌ವರೆಗೆ, 3ಬಿ 50ರವರೆಗೆ. 3ಬಿಯಲ್ಲಿ ಇಳಿಸೋದು ಆಟೋಪೈಲಟ್. ನಾವು ಕೈ ಇಟ್ಟುಕೊಂಡು ಕಾಯ್ತೀವಿ. ಮಧ್ಯರೇಖೆಯ ದೀಪಗಳು 15 ಮೀಟರಿಗೊಂದು. ಆರ್‌ವಿಆರ್ 75 ಇದ್ರೆ ಮುಂದೆ ಕಾಣೋದು ನಾಲ್ಕೈದು ದೀಪ, ಅಷ್ಟೇ. ಟರ್ಮಿನಲ್ಲೂ ಇಲ್ಲ, ಪಕ್ಕದ ವಿಮಾನವೂ ಇಲ್ಲ.

ಗ್ರೌಂಡ್ ಡ್ಯೂಟಿ: ಜನ ಮರೆಯೋದು ಟೇಕಾಫ್. ಇಳಿಯೋಕೆ 50 ಮೀಟರ್ ಸಾಕಾದ್ರೂ ಏರೋಕೆ ಸಾಮಾನ್ಯವಾಗಿ 125 ಬೇಕು. ಆರ್‌ವಿಆರ್ 80ರಲ್ಲಿ ನಿಂತ್ರೆ ಬರೋವು ಬರ್ತಾನೇ ಇರ್ತವೆ, ಹೋಗೋವು ಅಲ್ಲೇ. ವಿಮಾನ ನಿಲ್ಲಿಸೋ ಬೇ ತುಂಬುತ್ತೆ, ಇಳಿದವರೂ ಟ್ಯಾಕ್ಸಿವೇಲಿ ಕೂರಬೇಕು. ಜೊತೆಗೆ ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಹತ್ತಿರವೇ ಇದ್ರೆ ಐಎಲ್‌ಎಸ್ ಸಿಗ್ನಲ್ ಕೆಡುತ್ತೆ, ಹಾಗಾಗಿ ಎರಡು ವಿಮಾನಗಳ ನಡುವೆ ಅಂತರ ಹೆಚ್ಚು ಬಿಡ್ತಾರೆ. ಗಂಟೆಗೆ ಇಳಿಯೋ ಸಂಖ್ಯೆ ಕುಸಿಯೋದು ಅದರಿಂದ. ಉಳಿದವು ಜೈಪುರಕ್ಕೋ ಲಖನೌಗೋ ಡೈವರ್ಟ್.

ದೇವನಹಳ್ಳಿ ಹತ್ರದವನು: ನಮ್ಮ ಕಡೆ ಮಂಜೇನು ಕಮ್ಮಿನಾ? ಮೊದಲು ಇಲ್ಲಿ ಕ್ಯಾಟ್ 1 ಮಾತ್ರ, ಏರೋಕೆ 300 ಮೀಟರ್ ಬೇಕಿತ್ತು. 2020ರ ಕೊನೆಗೆ ದಕ್ಷಿಣ ರನ್‌ವೇಗೆ 3ಬಿ ಬಂದ ಮೇಲೆ ವಾಸಿ. ಎಟಿಆರ್ ಅನ್ನೋ ಸಣ್ಣ ಪ್ರೊಪೆಲರ್ ವಿಮಾನದಲ್ಲಿ ಬರೋರಿಗೆ ಅದರ ಲಾಭ ಪೂರ್ತಿ ಸಿಗಲ್ಲ, ಅದು ಕ್ಯಾಟ್ 2 ದಾಟಲ್ಲ.

ಮಗಳ ಮನೆಗೆ ಓಡಾಡುವವರು: ನನ್ನ ಮಾತು ಕೇಳಿ, ಹಿಂದಿನ ದಿನ ಮಧ್ಯಾಹ್ನವೇ ದೆಹಲಿ ಸೇರಿಸಿಬಿಡಿ, ರಾತ್ರಿ ಅಲ್ಲೇ ಹೋಟೆಲ್. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದ್ರೆ ತಪ್ಪಿದ ಕನೆಕ್ಷನ್‌ಗೆ ಹೊಣೆ ನೀವೇ. ಬಿಪಿ ಮಾತ್ರೆ ಕೈಚೀಲದಲ್ಲಿ.

ಕೇಳಿದವರು: ಸರಿ, ಹಿಂದಿನ ದಿನದ್ದೇ ಮಾಡ್ತೀನಿ. ಹೊರಡೋ ಬೆಳಿಗ್ಗೆ ಮಂಜು ಎಷ್ಟಿದೆ ಅಂತ ನೋಡೋದು ಎಲ್ಲಿ?

ಏರ್‌ಬಸ್ ಕೋ-ಪೈಲಟ್: ದೆಹಲಿಯ ಮೆಟಾರ್, ಅಂದ್ರೆ ವಿಮಾನ ನಿಲ್ದಾಣದ ಹವಾಮಾನ ವರದಿ, ತೆಗೀರಿ. ಅದರಲ್ಲಿ ಆರ್‌ವಿಆರ್ ಹೀಗಿರುತ್ತೆ: ‘ಆರ್’ ಅಕ್ಷರ, ರನ್‌ವೇ ಸಂಖ್ಯೆ, ಗೀಟು, ಆಮೇಲೆ ನಾಲ್ಕು ಅಂಕಿ. 0075 ಅಂದ್ರೆ 75 ಮೀಟರ್. ಕೊನೆಗೆ ‘ಯು’ ಇದ್ರೆ ಗೋಚರತೆ ಏರ್ತಿದೆ, ‘ಡಿ’ ಇದ್ರೆ ಇಳೀತಿದೆ. ಟೊರಾಂಟೊ ವಿಮಾನಕ್ಕೆ ನೀವು ನೋಡಬೇಕಾದ್ದು 125 ದಾಟಿತಾ ಅಂತ.