ಅಪ್‌ಡೇಟ್: ಇರುವುದು 48 ಕೋರ್, ಬಿಲ್ ಮಾತ್ರ 96ಕ್ಕೆ

ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಪ್ರಶ್ನೆ ಮರೆತವರಿಗೆ: ನಮ್ಮಲ್ಲಿ ಮೂರು ಸರ್ವರ್‌ಗಳಿವೆ. ಒಂದೊಂದರಲ್ಲೂ 8 ಕೋರಿನ (ಕೋರ್ ಅಂದರೆ ಸಿಪಿಯು ಒಳಗೆ ಲೆಕ್ಕ ಮಾಡುವ ಘಟಕ) ಎರಡು ಸಿಪಿಯು. ಒಮ್ಮೆ ಕೊಂಡರೆ ಸಾಕಾಗುತ್ತಿದ್ದ ವರ್ಚುವಲೈಸೇಶನ್ ಸಾಫ್ಟ್‌ವೇರ್ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷಿನ್ ಓಡಿಸುವಂಥದ್ದು) ಲೈಸೆನ್ಸ್ ನಿಂತುಹೋಗಿ, ಕೋರ್ ಲೆಕ್ಕದ ಚಂದಾ ಶುರುವಾಗಿತ್ತು. ಮೊತ್ತ ಯಾಕೆ ಇಷ್ಟು ಜಾಸ್ತಿ ಅಂತ ಕೇಳಿದ್ದೆ.

ಕಾರಣ ಸಿಕ್ಕಿತು. ಹೊಸ ನಿಯಮದಲ್ಲಿ ಪ್ರತಿ ಸಿಪಿಯುಗೂ ಕನಿಷ್ಠ 16 ಕೋರ್ ಎಂದು ಹಿಡಿಯುತ್ತಾರೆ. ಅಂದರೆ ಆರು ಸಿಪಿಯುಗೆ 96 ಕೋರ್! ಪ್ರತಿ ಸರ್ವರ್‌ನಲ್ಲೂ ಎರಡು ಚಿಕ್ಕ ಸಿಪಿಯು ತೆಗೆದು 16 ಕೋರಿನ ಒಂದನ್ನೇ ಹಾಕಿ ಅಂತ ಒಬ್ಬರು ಹೇಳಿದ್ದರು. ಅವರ ಮಾತು ನಿಜ. ಹಾಗೇ ಮಾಡಿದೆವು, ಈಗ ನಾವು ಚಂದಾ ಕಟ್ಟುತ್ತಿರುವುದು 48 ಕೋರ್‌ಗೆ.

ಆದರೆ ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಸಿಪಿಯು ಕಿತ್ತರೆ ಅದಕ್ಕೆ ಸೇರಿದ ಮೆಮೊರಿ ಸ್ಲಾಟ್‌ಗಳೂ ಕೆಲಸ ಮಾಡುವುದಿಲ್ಲ. ವರ್ಚುವಲ್ ಮಷಿನ್‌ಗಳಿಗೆ ಮೊದಲು ಸಾಲದೆ ಬರುವುದು ಮೆಮೊರಿಯೇ ಅಲ್ವಾ? ಉಳಿದ ಸ್ಲಾಟ್‌ಗಳಿಗೆ ಜಾಸ್ತಿ ಸಾಮರ್ಥ್ಯದ ಮೆಮೊರಿ ಕೊಳ್ಳಬೇಕಾಯಿತು. ಆ ಖರ್ಚು ಸೇರಿಸಿದರೂ ನಮಗೆ ಉಳಿತಾಯವೇ.

ವಿಂಡೋಸ್ ಸರ್ವರ್ ಲೈಸೆನ್ಸ್ ಖರ್ಚು ಬದಲಾಗಲಿಲ್ಲ. ಅಲ್ಲಿ ಸರ್ವರ್ ಒಂದಕ್ಕೆ ಕನಿಷ್ಠ 16 ಕೋರ್ ಹೇಗೂ ಬೇಕು.

ಪ್ರಾಕ್ಸ್‌ಮಾಕ್ಸ್ ಎಂಬ ಇನ್ನೊಂದು ವರ್ಚುವಲೈಸೇಶನ್ ಸಾಫ್ಟ್‌ವೇರ್‌ಗೆ ಹೋಗಿ ಎಂಬ ಸಲಹೆಯನ್ನೂ ಬಿಟ್ಟಿಲ್ಲ. ಅದರ ಚಂದಾ ಸಾಕೆಟ್ (ಸಿಪಿಯು ಕೂರುವ ಜಾಗ) ಲೆಕ್ಕದ್ದು, ಅದೂ ಬೇಕಿದ್ದರೆ ಮಾತ್ರ. ಟೆಸ್ಟ್ ಮಷಿನ್‌ಗಳನ್ನು ಅಲ್ಲಿಗೆ ಸಾಗಿಸಿದ್ದೇವೆ. ಡೇಟಾಬೇಸ್ ಮಷಿನ್ ಮುಟ್ಟುವ ಮುಂಚೆ, ಬ್ಯಾಕಪ್‌ನಿಂದ ಅದನ್ನು ಪೂರ್ತಿ ವಾಪಸ್ ತರಲು ಆಗುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೇವೆ.