ಆಸ್ಪತ್ರೆ ಹತ್ತಿರವೇ ಇದೆ, ಆದರೂ ಹೋಗಲ್ಲ ಅಂತಾಳೆ

ದೊಡ್ಡಕ್ಕ:
ನನ್ನ ತಮ್ಮನ ಹೆಂಡತಿಗೆ ಈಗ ಏಳು ತಿಂಗಳು. ಎರಡನೆಯದು. ಆಸ್ಪತ್ರೆ ಗಾಡಿಯಲ್ಲಿ ಹತ್ತು ನಿಮಿಷ. ದುಡ್ಡಿನ ತೊಂದರೆ ಇಲ್ಲ, ಓದಿದವಳು. ಆದರೂ ಈ ಸಲ ಒಮ್ಮೆಯೂ ತಪಾಸಣೆಗೆ ಹೋಗಿಲ್ಲ. "ಮೊದಲನೆಯದು ಸಲೀಸಾಗಿ ಆಯ್ತಲ್ಲ ಅಕ್ಕ" ಅಂತಾಳೆ. ಎರಡು ಸಲ ರೇಗಿದೆ. ಈಗ ಫೋನೇ ಎತ್ತುತ್ತಿಲ್ಲ. ಮತ್ತೇನು ಅಡ್ಡ ಬರುತ್ತಿರಬಹುದು?

ಹಳೇ ನರ್ಸ್:
ಮೂವತ್ತು ವರ್ಷ ಲೇಬರ್ ವಾರ್ಡಿನಲ್ಲಿದ್ದೆ. ಮೊದಲ ಹೆರಿಗೆಯಲ್ಲಿ ಅವಳನ್ನು ಯಾರು ಹೇಗೆ ಮಾತಾಡಿಸಿದರು ಅಂತ ಕೇಳಿದ್ದೀರಾ? ಮುಚ್ಚಿಡಲ್ಲ, ನಾನೂ ಗದರಿದ್ದೇನೆ. ಒಂದು ರಾತ್ರಿ ಎಂಟು ಜನ ನೋವು ತಿನ್ನುತ್ತಿದ್ದರು, ನಾವಿದ್ದದ್ದು ಇಬ್ಬರು. ಒಬ್ಬ ಹುಡುಗಿಗೆ "ಕಿರುಚಬೇಡ, ಸುಮ್ನಿರು" ಅಂದುಬಿಟ್ಟೆ. ತಾಯಿ ಮಗು ಕ್ಷೇಮ ಅಂತ ರಿಜಿಸ್ಟರಿನಲ್ಲಿ ಬರೆದೆವು. ಮುಂದಿನ ಸಲ ಅವಳು ನಮ್ಮಲ್ಲಿಗೆ ಬರಲೇ ಇಲ್ಲ. ಬೈಗುಳ, ಮರೆ ಇಲ್ಲದ ಮಂಚ, ಹೇಳದೆ ಕೇಳದೆ ಮಾಡುವ ಪರೀಕ್ಷೆ, ಇವೂ ಹೆಂಗಸರನ್ನು ಆಸ್ಪತ್ರೆಯಿಂದ ದೂರ ಇಡುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿತು.

ಇನ್ನು "ಸಲೀಸಾಗಿ ಆಯ್ತು" ಅನ್ನೋದು. ಹಿಂದಿನ ಹೆರಿಗೆ ಸಲೀಸಾಗಿದ್ದರೂ ಈ ಸಲ ಹೆರಿಗೆ ಆದ ಮೇಲೆ ರಕ್ತಸ್ರಾವ ಆಗಬಹುದು. ಬಿಪಿ ಏರಿದರೂ ಎಷ್ಟೋ ಸಲ ಗೊತ್ತೇ ಆಗಲ್ಲ. 2016ರಿಂದ ವಿಶ್ವ ಆರೋಗ್ಯ ಸಂಸ್ಥೆಯವರು ಕನಿಷ್ಠ 8 ಸಲ ತಪಾಸಣೆ ಅನ್ನುತ್ತಾರೆ, ಮೊದಲನೆಯದು 12 ವಾರದೊಳಗೆ. ಅದು ತಪ್ಪಿತು, ಬಿಡಿ. ಈಗ ಹೋದರೂ ಬಿಪಿ, ಮೂತ್ರ, ರಕ್ತ ನೋಡಬಹುದು. ವಿಪರೀತ ತಲೆನೋವು, ಕಣ್ಣು ಮಂಜಾಗೋದು, ರಕ್ತ ಕಾಣಿಸೋದು, ಮಗುವಿನ ಮಿಸುಕಾಟ ಕಡಿಮೆ ಆಗೋದು, ಇವುಗಳಲ್ಲಿ ಒಂದು ಇದ್ದರೂ ಮನವೊಲಿಸುತ್ತಾ ಕೂರಬೇಡಿ. ತಕ್ಷಣ ಕರೆದುಕೊಂಡು ಹೋಗಿ.

ಎರಡು ಮಕ್ಕಳ ಅಪ್ಪ:
ನಮ್ಮನೆಯಲ್ಲಿ ಅಡ್ಡ ಬಂದವನು ನಾನೇ. ನೋವು ಶುರುವಾದಾಗ "ಅಮ್ಮ ಬರಲಿ, ಕೇಳೋಣ" ಅಂತ ಮೂರು ಗಂಟೆ ಕೂರಿಸಿದೆ. ಹೆಂಡತಿಯ ಕೈಯಲ್ಲಿ ದುಡ್ಡೂ ಇರಲಿಲ್ಲ, ತೀರ್ಮಾನವೂ ಇರಲಿಲ್ಲ. ಥಡಿಯಸ್ ಮತ್ತು ಮೇನ್ ಅನ್ನೋ ಸಂಶೋಧಕರು 1994ರಲ್ಲಿ ಮೂರು ತಡಗಳ ಬಗ್ಗೆ ಬರೆದಿದ್ದಾರಂತೆ: ಹೊರಡೋಕೆ ತೀರ್ಮಾನಿಸುವಾಗಿನ ತಡ, ದಾರಿಯ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗೋ ತಡ. ಮೊದಲನೆಯದು ಪೂರ್ತಿ ನನ್ನದೇ. ನಿಮ್ಮ ತಮ್ಮ ಏನಂತಾರೆ? ಅವರ ಸುದ್ದಿಯೇ ಇಲ್ಲವಲ್ಲ.

ದೊಡ್ಡಕ್ಕ:
ತಮ್ಮ "ಅವಳಿಷ್ಟ" ಅಂತಾನೆ, ಅಷ್ಟೇ. ಇವತ್ತು ನಾನೇ ಹೋಗಿ, ಬೈಯದೆ ಕೇಳಿದೆ. ಆವತ್ತು ಪರದೆ ಎಳೆಯದೆ ಬಿಟ್ಟಿದ್ದರಂತೆ, ಓಡಾಡುವವರೆಲ್ಲ ನೋಡಿಕೊಂಡು ಹೋದರಂತೆ. ಐದು ವರ್ಷ ಆಯ್ತು, ಯಾರಿಗೂ ಹೇಳಿರಲಿಲ್ಲ. ಇನ್ನೊಂದು, ದೊಡ್ಡವನನ್ನು ಯಾರ ಹತ್ತಿರ ಬಿಡೋದು ಅನ್ನೋ ಚಿಂತೆ. ಇದು ನನಗೆ ಹೊಳೆದೇ ಇರಲಿಲ್ಲ! ಅವನನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ. "ಬೇಡ, ನೀವು ನನ್ನ ಜೊತೆ ಒಳಗಿರಿ, ಅವನನ್ನು ಇವರು ನೋಡಿಕೊಳ್ಳಲಿ" ಅಂದಳು. ಮೇಡಂ, ಒಳಗೆ ಬಿಡ್ತಾರಾ?

ಹಳೇ ನರ್ಸ್:
ಹೆಂಗಸು ಬಯಸಿದವರು ಹೆರಿಗೆಯಲ್ಲಿ ಜೊತೆಗಿರಲಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆ ಇದೆ. ಆದರೆ ಎಲ್ಲ ಕಡೆ ಪಾಲಿಸಲ್ಲ. ಅದಕ್ಕೇ ತಪಾಸಣೆಗೆ ಹೋದ ದಿನವೇ ವಾರ್ಡಿನ ಸಿಸ್ಟರನ್ನು ಕೇಳಿ. ಪರದೆ ವಿಷಯವನ್ನೂ ಹೇಳಿ. ಅವಳಿಗೆ ಬಾಯಿ ಬರದಿದ್ದರೆ ನೀವೇ ಹೇಳಿ. ಬಿಡಲ್ಲ ಅಂದರೆ ಬೇರೆ ಕಡೆ ವಿಚಾರಿಸೋಕೆ ಇನ್ನೂ ಸಮಯ ಇದೆ.